ಕಿರುಚಿತ್ರದ ಸೆಟ್ಟು, ಟೀವಿ ಸ್ಟುಡಿಯೋದ ಫ್ಲೋರು

(ಸಿನಿಮಾ ಕಲಿಯುತ್ತಿರುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಸಿನಿಮಾ ಕಲಿಯಲು ಬಂದವರ ಕೈಗೆ ಎರಡು ಬಗೆಯ ಕೆಲಸ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತದೆ. ಒಂದು, ಒಂದೇ ಕ್ಯಾಮೆರಾದಲ್ಲಿ ತುಣುಕು ತುಣುಕಾಗಿ ತೆಗೆದು ಆಮೇಲೆ ಜೋಡಿಸುವ ಐದು ಹತ್ತು ನಿಮಿಷದ ಕಿರುನಾಟಕ. ಇನ್ನೊಂದು, ಮೂರು ನಾಲ್ಕು ಕ್ಯಾಮೆರಾ ನಿಲ್ಲಿಸಿ, ಕಂಟ್ರೋಲ್ ರೂಮಿನಲ್ಲಿ ಕೂತು, ನಟರು ಆಡುತ್ತಿರುವಾಗಲೇ ಶಾಟ್ ಬದಲಿಸುತ್ತ ಮುಗಿಸುವ ಸ್ಟುಡಿಯೋ ಕಾರ್ಯಕ್ರಮ. ಎರಡೂ ಕಡೆ ಮೈಕು, ಲೆನ್ಸು, ಲೈಟು ಹೆಚ್ಚುಕಡಿಮೆ ಅವೇ. ಹಾಗಾಗಿ ಒಂದು ಬಂದರೆ ಇನ್ನೊಂದು ತಾನಾಗಿ ಬಂದೀತು ಅನ್ನಿಸುತ್ತದೆ. ಬರುವುದಿಲ್ಲ.

ಕಾರಣ ಇಷ್ಟೇ: ಯಾವ ನಿರ್ಧಾರವನ್ನು ಯಾವಾಗ ತೆಗೆದುಕೊಳ್ಳಬೇಕು ಎಂಬ ಲೆಕ್ಕ ಎರಡು ಕಡೆಯೂ ಬೇರೆ. ಒಂಟಿ ಕ್ಯಾಮೆರಾದಲ್ಲಿ ‘ಈ ಮಾತಿಗೆ ಯಾರ ಮುಖ ಇರಲಿ’ ಎಂಬುದನ್ನು ಸಂಕಲನದ ಮೇಜಿನವರೆಗೂ ಮುಂದೂಡಬಹುದು. ಸ್ಟುಡಿಯೋದಲ್ಲಿ ಅದೇ ಪ್ರಶ್ನೆಗೆ ಉತ್ತರ ಹಿಂದಿನ ವಾರವೇ ಕಾಗದದ ಮೇಲೆ ಬಿದ್ದಿರಬೇಕು. ವಿದ್ಯಾರ್ಥಿಗಳ ಕೆಲಸ ಕೆಟ್ಟಿರುವ ಕಡೆ ಬಿಚ್ಚಿ ನೋಡಿ, ಬಹುತೇಕ ಸಲ ಸಿಗುವುದು ತಪ್ಪು ಹೊತ್ತಿಗೆ ಮುಂದೂಡಿದ ಒಂದು ನಿರ್ಧಾರ. ಇವತ್ತಿನ ಮಾತೆಲ್ಲ ಇದರ ಸುತ್ತ.

ಮೊದಲು ಕಿರುನಾಟಕ. ಚಿತ್ರಕಥೆಯ ಒಂದು ಪುಟಕ್ಕೆ ಒಂದು ನಿಮಿಷ ಎಂದು ಎಲ್ಲರೂ ಹೇಳುತ್ತಾರೆ. ಆ ಲೆಕ್ಕ ಹುಟ್ಟಿದ್ದು ಇಂಗ್ಲಿಷ್ ಚಿತ್ರಕಥೆಯ ಗೊತ್ತಾದ ಅಕ್ಷರದ ಅಳತೆ, ಗೊತ್ತಾದ ಅಂಚುಗಳಿಂದ. ಕನ್ನಡದ ಪದಗಳು ಉದ್ದ, ಲಿಪಿ ತೆಗೆದುಕೊಳ್ಳುವ ಜಾಗವೂ ಬೇರೆ. ಆದ್ದರಿಂದ ಪುಟ ಎಣಿಸಿ ನಂಬಬೇಡಿ. ಸ್ಟಾಪ್‌ವಾಚ್ ಹಿಡಿದು ಇಬ್ಬರು ಸಂಭಾಷಣೆಯನ್ನು ನಿಜವಾಗಿ ಆಡುವ ವೇಗದಲ್ಲಿ ಓದಿ. ‘ಬಾಗಿಲು ತೆರೆದು ಒಳಗೆ ಬಂದು ಕೂರುತ್ತಾಳೆ’ ಎಂದಿರುವ ಕಡೆ ಎದ್ದು ನಡೆದು ಕೂತು ಸಮಯ ಬರೆದುಕೊಳ್ಳಿ. ಕಾಗದದಲ್ಲಿ ಅದು ಒಂದು ಸಾಲು, ತೆರೆಯ ಮೇಲೆ ಹನ್ನೆರಡು ಸೆಕೆಂಡು. ಹೀಗೆ ಅಳೆದ ಮೇಲೂ ಮೊದಲ ಜೋಡಣೆ ಅಂದುಕೊಂಡದ್ದಕ್ಕಿಂತ ಉದ್ದವಾಗಿಯೇ ಬರುತ್ತದೆ. ಐದು ನಿಮಿಷದ ಚಿತ್ರ ಬೇಕಿದ್ದರೆ ನಾಲ್ಕೂವರೆ ನಿಮಿಷಕ್ಕೆ ಬರೆಯಿರಿ.

ಐದು ನಿಮಿಷ ಹೊರುವ ಭಾರ ಸಣ್ಣದು. ಎರಡು ಅಥವಾ ಮೂರು ಪಾತ್ರ, ಒಂದೆರಡು ಜಾಗ, ಒಂದೇ ತಿರುವು. ಪಾತ್ರದ ಹಿಂದಿನ ಕಥೆಯನ್ನು ಸಂಭಾಷಣೆಯಲ್ಲಿ ಹೇಳಿಸತೊಡಗಿದರೆ ಮೊದಲ ಎರಡು ನಿಮಿಷ ಅಲ್ಲೇ ಸವೆದುಹೋಗುತ್ತದೆ. ಜಾಗ ಬದಲಿಸುವುದು ಬರೆಯುವಾಗ ಸಲೀಸು. ಶೂಟಿಂಗ್ ದಿನ ಸಾಮಾನು ಕಟ್ಟಿ, ಸಾಗಿಸಿ, ಮತ್ತೆ ಬಿಚ್ಚಿ ಲೈಟು ನಿಲ್ಲಿಸುವಷ್ಟರಲ್ಲಿ ಒಂದರಿಂದ ಒಂದೂವರೆ ಗಂಟೆ ಹೋಗಿರುತ್ತದೆ.

ಈಗ ದಿನದ ಲೆಕ್ಕ. ಹತ್ತು ಗಂಟೆಯ ದಿನದಲ್ಲಿ ಊಟ, ವಿರಾಮಕ್ಕೆ ಒಂದು ಗಂಟೆ ಕಳೆಯಿರಿ. ಕ್ಯಾಮೆರಾ ಜಾಗ ಬದಲಿಸಿ, ಲೈಟು ತಿದ್ದಿ, ತಾಲೀಮು ಮಾಡಿ, ಮೂರು ನಾಲ್ಕು ಟೇಕ್ ಮುಗಿಸಲು ಹೊಸಬರ ತಂಡಕ್ಕೆ 35ರಿಂದ 40 ನಿಮಿಷ ಬೇಕು. ಅಂದರೆ ದಿನಕ್ಕೆ 13ರಿಂದ 15 ಸೆಟಪ್. ಶಾಟ್ ಪಟ್ಟಿಯಲ್ಲಿ 32 ಇದ್ದರೆ ಆ ದಿನ ಮುಗಿಯುವುದಿಲ್ಲ, ಮತ್ತು ಬಿದ್ದುಹೋಗುವುದು ಯಾವಾಗಲೂ ಸಂಜೆಯ ಪಾಲಿಗೆ ಉಳಿದ ಕ್ಲೋಸಪ್‌ಗಳೇ. ಹಾಗಾಗಿ ಪಟ್ಟಿಯ ಎದುರು ಮೂರು ಗುರುತು ಹಾಕಿ: ಇದಿಲ್ಲದೆ ದೃಶ್ಯವೇ ಇಲ್ಲ, ಇದ್ದರೆ ಚೆನ್ನ, ಸಮಯ ಉಳಿದರೆ ಮಾತ್ರ. ಸಂಜೆ ಐದಕ್ಕೆ ಗಾಬರಿಯಲ್ಲಿ ಮಾಡುವ ಆಯ್ಕೆಯನ್ನು ಹಿಂದಿನ ರಾತ್ರಿ ತಣ್ಣನೆಯ ತಲೆಯಲ್ಲಿ ಮಾಡಿಟ್ಟ ಹಾಗೆ.

ತೆಗೆಯುವ ಕ್ರಮಕ್ಕೂ ಕಾರಣವಿದೆ. ಇಬ್ಬರು ಎದುರುಬದುರು ಕೂತು ಮಾತಾಡುವ ದೃಶ್ಯ ಎಂದುಕೊಳ್ಳಿ. ಮೊದಲು ಮಾಸ್ಟರ್ ಶಾಟ್, ಅಂದರೆ ಇಬ್ಬರೂ ಕಾಣುವಂತೆ ಇಡೀ ದೃಶ್ಯವನ್ನು ಮೊದಲಿಂದ ಕೊನೆಯವರೆಗೆ ಹಿಡಿದ ಶಾಟ್. ಆಮೇಲೆ ಒಂದೇ ದಿಕ್ಕಿಗೆ ನೋಡುವ ಎಲ್ಲ ಶಾಟ್‌ಗಳು: ಅವಳ ಸಜೆಶನ್ (ಅವನ ಭುಜದ ಮೇಲಿಂದ ಕಾಣುವ ಅವಳ ಮುಖ), ಅವಳ ಮಿಡ್ (ಸೊಂಟದಿಂದ ಮೇಲಕ್ಕೆ), ಅವಳ ಕ್ಲೋಸಪ್. ಅದಾದ ಮೇಲೆ ಕ್ಯಾಮೆರಾ, ಲೈಟು ಎರಡನ್ನೂ ಒಂದೇ ಸಲ ತಿರುಗಿಸಿ ಅವನ ಕಡೆ. ಒಂದು ಅವಳದು, ಒಂದು ಅವನದು ಎಂದು ಅತ್ತಿತ್ತ ಓಡಾಡಿದರೆ ಪ್ರತಿಸಲವೂ ಲೈಟು ಹೊಸದಾಗಿ ಕಟ್ಟಬೇಕು, ಪ್ರತಿಸಲವೂ ಚೂರು ಬೇರೆಯಾಗಿ ಬರುತ್ತದೆ, ಸಂಕಲನದಲ್ಲಿ ಬಣ್ಣ ಹೊಂದುವುದಿಲ್ಲ. ಕಿಟಕಿಯ ಬೆಳಕನ್ನು ನೆಚ್ಚಿದ್ದರೆ ಕಿಟಕಿ ಕಾಣುವ ದಿಕ್ಕನ್ನು ಮೊದಲು ಮುಗಿಸಿ. ಕಿಟಕಿಗೆ ಬೆನ್ನು ಮಾಡಿದ ಕ್ಯಾಮೆರಾಕ್ಕೆ ಕತ್ತಲಾದ ಮೇಲೂ ಹೊರಗಿನಿಂದ ಒಂದು ಲೈಟು ಹೊಡೆದು ಹಗಲು ಮಾಡಬಹುದು. ಕಿಟಕಿಯೇ ಫ್ರೇಮಿನಲ್ಲಿದ್ದರೆ ಆ ಉಪಾಯ ನಡೆಯುವುದಿಲ್ಲ. ಚಿಕ್ಕ ಮಕ್ಕಳು ಅಥವಾ ಮೊದಲ ಟೇಕಿನಲ್ಲೇ ಜೀವ ಸುರಿಯುವ ನಟರಿದ್ದರೆ ಮಾತ್ರ ಈ ಕ್ರಮ ಮುರಿದು ಕ್ಲೋಸಪ್ಪನ್ನು ಮೊದಲು ತೆಗೆಯುವುದೇ ಸರಿ.

ಇಮ್ಯಾಜಿನರಿ ಲೈನಿನ ಪಾಠ ಎಲ್ಲರಿಗೂ ಬಾಯಿಪಾಠ: ಮಾತಾಡುವ ಇಬ್ಬರಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಗೆರೆ ಎಳೆದಂತೆ ಊಹಿಸಿ, ಕ್ಯಾಮೆರಾ ಅದರ ಒಂದೇ ಬದಿಯಲ್ಲಿ ಉಳಿಯಬೇಕು. ಆದರೂ ಸೆಟ್ಟಿನಲ್ಲಿ ತಪ್ಪುತ್ತದೆ, ಯಾಕೆಂದರೆ ದೃಶ್ಯದ ನಡುವೆ ಪಾತ್ರವೊಂದು ಎದ್ದು ಇನ್ನೊಂದು ಬದಿಗೆ ಹೋದಾಗ ಲೈನೂ ಜೊತೆಗೆ ತಿರುಗುತ್ತದೆ ಎಂಬುದು ಮರೆತುಹೋಗಿರುತ್ತದೆ. ಮೇಲಿನಿಂದ ನೋಡಿದಂತೆ ನೆಲದ ನಕ್ಷೆ ಬರೆದು, ಪಾತ್ರ ಕೂತಾಗ ಒಂದು ಗೆರೆ, ಎದ್ದ ಮೇಲೆ ಇನ್ನೊಂದು ಗೆರೆ ಎಳೆದಿಟ್ಟರೆ ಸೆಟ್ಟಿನಲ್ಲಿ ‘ಲೆಫ್ಟ್ ಲುಕ್ಕಾ, ರೈಟ್ ಲುಕ್ಕಾ’ ಎಂಬ ವಾದವೇ ಹುಟ್ಟುವುದಿಲ್ಲ. ಒಬ್ಬರನ್ನೇ ತೆಗೆಯುವಾಗ ಎದುರಿನ ನಟರು ಕ್ಯಾಮೆರಾ ಪಕ್ಕಕ್ಕೆ, ಲೆನ್ಸಿಗೆ ಒತ್ತಿಕೊಂಡಂತೆ ನಿಂತು ಮಾತು ಕೊಡಲಿ. ದೂರ ನಿಂತಷ್ಟೂ ನೋಟ ಪಕ್ಕಕ್ಕೆ ಸರಿದು, ಕಣ್ಣಿನ ಭಾವ ಪ್ರೇಕ್ಷಕರ ಕೈಗೆ ಸಿಗದೆ ಹೋಗುತ್ತದೆ.

ಕ್ಲೋಸಪ್ ತೆಗೆಯುವಾಗ ಎದುರಿನವರು ನಡುವೆ ಬಾಯಿ ಹಾಕಬಾರದು. ಅವಳ ಮಾತಿನ ಕೊನೆಯ ಎರಡು ಶಬ್ದಗಳ ಮೇಲೆ ಅವನ ‘ಆದರೆ’ ಬಿದ್ದುಬಿಟ್ಟರೆ ಆ ಜಾಗದಲ್ಲಿ ಕತ್ತರಿಸಲಾಗದು. ಮಾತಿನ ಮೇಲೆ ಮಾತು ಬೀಳುವ ಬಿರುಸು ಬೇಕಿದ್ದರೆ ಅದನ್ನು ಸಂಕಲನದಲ್ಲಿ ಎರಡು ಶುದ್ಧ ಟ್ರ್ಯಾಕುಗಳನ್ನು ಹತ್ತಿರ ಸರಿಸಿ ಪಡೆಯಬಹುದು. ಇದು ನಿರ್ಧಾರವನ್ನು ಸರಿಯಾದ ಕಡೆಗೆ ಮುಂದೂಡುವುದಕ್ಕೆ ಒಳ್ಳೆಯ ಉದಾಹರಣೆ. ಕಂಟಿನ್ಯೂಟಿ, ಅಂದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ಎಲ್ಲವೂ ಹೊಂದಿಕೊಂಡಿರುವುದು, ಹಾಗಲ್ಲ. ಲೋಟ ಯಾವ ಪದದ ಮೇಲೆ ಎತ್ತಿದರು, ಯಾವ ಕೈಯಲ್ಲಿ, ಎಷ್ಟು ನೀರಿತ್ತು ಎಂಬುದನ್ನು ಮಾಸ್ಟರ್ ಶಾಟಿನಲ್ಲೇ ಚಿತ್ರಕಥೆಯ ಆ ಪದದ ಕೆಳಗೆ ಗುರುತಿಸಬೇಕು. ಆ ಕೆಲಸಕ್ಕೆಂದೇ ಒಬ್ಬರಿರಲಿ, ನಿರ್ದೇಶಕರು ಅದನ್ನು ತಲೆಯಲ್ಲಿ ಇಟ್ಟುಕೊಳ್ಳಲು ಹೋಗಬಾರದು.

ಇನ್ನು ಶಬ್ದ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ವಿದ್ಯಾರ್ಥಿ ಚಿತ್ರಗಳು ಸೋಲುವುದು ಕಣ್ಣಿಗಿಂತ ಕಿವಿಯಲ್ಲೇ ಹೆಚ್ಚು. ಚಿತ್ರ ಕೊಂಚ ಮಸುಕಾದರೆ ಪ್ರೇಕ್ಷಕರು ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ಮೈಕಿನ ವಿಷಯದಲ್ಲಿ ದೂರವೇ ದೊಡ್ಡ ಸಂಗತಿ. ಬಾಯಿಗೂ ಮೈಕಿಗೂ ನಡುವಿನ ದೂರ ಎರಡರಷ್ಟಾದರೆ ಮಾತಿನ ನೇರ ಶಬ್ದ 6 ಡೆಸಿಬಲ್ ಇಳಿಯುತ್ತದೆ. ಆದರೆ ಕೋಣೆಯ ಪ್ರತಿಧ್ವನಿ ಅಷ್ಟೇ ಇರುತ್ತದೆ. ಗೇನ್ (ಮೈಕಿನ ಶಬ್ದವನ್ನು ಹಿಗ್ಗಿಸುವ ಮಟ್ಟ) ಏರಿಸಿದರೆ ಎರಡೂ ಏರುತ್ತವೆ, ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಕ್ಯಾಮೆರಾ ಮೇಲೆ ಕೂರಿಸಿದ ಮೈಕು ಎಷ್ಟೇ ದುಬಾರಿಯದಾಗಿರಲಿ, ಎರಡೂವರೆ ಮೀಟರ್ ದೂರದಿಂದ ಒಳ್ಳೆಯ ಮಾತು ಹಿಡಿಯಲಾರದು. ಬೂಮಿನ, ಅಂದರೆ ಉದ್ದ ಕೋಲಿನ, ತುದಿಯಲ್ಲಿ ಮೈಕು ಕಟ್ಟಿ, ಫ್ರೇಮಿನ ಮೇಲಂಚಿನ ಆಚೆಗೆ ಆದಷ್ಟು ಕೆಳಕ್ಕೆ ಇಳಿಸಿ, ಎದೆಯ ಮೇಲ್ಭಾಗಕ್ಕೆ ಗುರಿಯಿಟ್ಟು ಹಿಡಿಯಬೇಕು. ತಾಲೀಮಿನಲ್ಲಿ ಬೂಮ್ ಹಿಡಿದವರು ಬೇಕೆಂದೇ ಫ್ರೇಮಿನೊಳಗೆ ಇಳಿದು, ಕ್ಯಾಮೆರಾದವರು ‘ಮೇಲೆ’ ಎಂದಾಗ ನಿಧಾನಕ್ಕೆ ಹೊರಗೆ ಸರಿದು ನಿಂತರೆ ಅಂಚು ಎಲ್ಲಿದೆಯೆಂದು ಕೈಗೇ ಗೊತ್ತಾಗುತ್ತದೆ.

ಶಾಟ್‌ಗನ್ ಮೈಕನ್ನು ಎಲ್ಲ ಕಡೆಯೂ ಬಳಸುವುದು ಇನ್ನೊಂದು ತಪ್ಪು. ಅದರ ಉದ್ದ ಕೊಳವೆಯ ಪಕ್ಕದ ಸೀಳುಗಳಿಂದ ಒಳಬರುವ ಶಬ್ದಗಳು ಬೇರೆ ಬೇರೆ ಹೊತ್ತಿಗೆ ಸೇರಿ ಒಂದನ್ನೊಂದು ಅಳಿಸಿಕೊಳ್ಳುತ್ತವೆ, ಬದಿಯ ಗದ್ದಲ ತಗ್ಗುವುದು ಹಾಗೆ. ಬಯಲಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಸಣ್ಣ ಕೋಣೆಯಲ್ಲಿ ನಟರ ಮಾತೇ ಗೋಡೆ, ಸೂರು, ನೆಲಕ್ಕೆ ಬಡಿದು ಬದಿಗಳಿಂದ ಒಳಬಂದು ಏರುಪೇರಾಗಿ ಅಳಿಸಿಕೊಂಡು, ದನಿ ಟೊಳ್ಳಾಗುತ್ತದೆ. ಒಳಾಂಗಣಕ್ಕೆ ಹೈಪರ್‌ಕಾರ್ಡಿಯಾಯ್ಡ್ ಮೈಕು, ಅಂದರೆ ಅಂಥ ಕೊಳವೆಯಿಲ್ಲದೆ ಮುಂದಿನ ಶಬ್ದವನ್ನೇ ಹೆಚ್ಚಾಗಿ ಹಿಡಿಯುವ ಮೈಕು, ಮೇಲು. ಅದಿಲ್ಲವಾದರೆ ಫ್ರೇಮಿನಾಚೆ ದಪ್ಪ ಕಂಬಳಿಗಳನ್ನು ತೂಗುಹಾಕಿ, ನೆಲಕ್ಕೂ ಒಂದು ಹಾಸಿ.

ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಆಟೋ ಗೇನ್ ಕಡ್ಡಾಯವಾಗಿ ಬಂದ್. ಅದು ಇದ್ದರೆ ನಟರು ಸುಮ್ಮನಾದ ಕೂಡಲೇ ಫ್ಯಾನಿನ ಸದ್ದು ಉಬ್ಬಿ ಮೇಲೆ ಬರುತ್ತದೆ, ಮಾತು ಶುರುವಾದಾಗ ಕುಗ್ಗುತ್ತದೆ. ಸಂಕಲನದಲ್ಲಿ ಅದನ್ನು ತಿದ್ದಲು ದಾರಿಯಿಲ್ಲ. ಸಾಮಾನ್ಯ ಮಾತು ಮೀಟರಿನಲ್ಲಿ ಮೈನಸ್ 20 ಡೆಸಿಬಲ್ ಸುತ್ತ ಆಡುತ್ತ, ಜೋರು ಮಾತು ಮೈನಸ್ 10 ದಾಟದಂತಿರಲಿ. ಕೂಗಾಟದ ದೃಶ್ಯವಿದ್ದರೆ ತಾಲೀಮಿನಲ್ಲೂ ಪೂರ್ತಿ ದನಿಯಲ್ಲಿ ಕೂಗಿಸಿ ಮಟ್ಟ ನೋಡಬೇಕು, ಯಾಕೆಂದರೆ ನಟರು ತಾಲೀಮಿನಲ್ಲಿ ದನಿ ಉಳಿಸಿಕೊಳ್ಳುತ್ತಾರೆ. ಫ್ರಿಜ್ ಆಫ್ ಮಾಡಿ, ಆದರೆ ಅದರೊಳಗೆ ಗಾಡಿಯ ಕೀಲಿ ಇಡಿ: ಮತ್ತೆ ಆನ್ ಮಾಡದೆ ಯಾರೂ ಹೊರಡಲಾಗುವುದಿಲ್ಲ. ಪ್ರತಿ ಜಾಗದಲ್ಲೂ ಹೊರಡುವ ಮೊದಲು ಒಂದು ನಿಮಿಷ ಬರೀ ಕೋಣೆಯ ಮೌನವನ್ನು ರೆಕಾರ್ಡ್ ಮಾಡಬೇಕು. ಎಲ್ಲ ಲೈಟು ಉರಿಯುತ್ತಿರಬೇಕು, ಎಲ್ಲರೂ ಇದ್ದಲ್ಲೇ ಉಸಿರು ಹಿಡಿದು ನಿಂತಿರಬೇಕು. ಲೈಟಿನ ಫ್ಯಾನೂ ಮನುಷ್ಯರ ಮೈಯೂ ಆ ಮೌನದ ಭಾಗವೇ. ಎರಡು ಮಾತುಗಳ ನಡುವೆ ಕತ್ತರಿಸಿದ ಜಾಗಕ್ಕೆ ತೇಪೆ ಹಾಕಲು ಬೇರೆ ಬಟ್ಟೆ ಸಿಗುವುದಿಲ್ಲ.

ಚಿತ್ರದ ಕಡೆ ಒಂದೇ ಎಚ್ಚರಿಕೆ: ಮಿನುಗು. ಕರೆಂಟು 50 ಹರ್ಟ್ಸ್ ಇರುವಲ್ಲಿ ಸಾಧಾರಣ ಲೈಟುಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಸೆಕೆಂಡಿಗೆ 25 ಫ್ರೇಮಿನಲ್ಲಿ 1/50 ಸೆಕೆಂಡಿನ ಶಟರ್ ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಏರಿಳಿತ ಸಿಕ್ಕಿ ಬೆಳಕು ಸಮನಾಗಿರುತ್ತದೆ. 24 ಫ್ರೇಮೇ ಬೇಕೆಂದರೆ ಶಟರ್ ಕೋನ (ಶಟರ್ ತೆರೆದಿರುವ ಹೊತ್ತನ್ನು ಡಿಗ್ರಿಯಲ್ಲಿ ಹೇಳುವ ಅಳತೆ) 180ರ ಬದಲು 172.8 ಡಿಗ್ರಿ ಇಡಬೇಕು. 24ನ್ನು 360ರಿಂದ ಗುಣಿಸಿ 50ರಿಂದ ಭಾಗಿಸಿದರೆ ಬರುವುದು ಅದೇ. ಅಗ್ಗದ ಎಲ್‌ಇಡಿ ಲೈಟನ್ನು ಡಿಮ್ ಮಾಡಿದಾಗ ಮಾತ್ರ ಕಾಣಿಸಿಕೊಳ್ಳುವ ಪಟ್ಟೆಗಳಿಗೆ ಈ ಲೆಕ್ಕ ತಾಗದು. ಅಂಥ ಲೈಟನ್ನು ಪೂರ್ತಿ ಉರಿಸಿ, ದೂರ ಸರಿಸಿ ಅಥವಾ ಬಟ್ಟೆ ಅಡ್ಡ ಕಟ್ಟಿ ಬೆಳಕು ತಗ್ಗಿಸಿ.

ಫೈಲುಗಳ ಬಗ್ಗೆ ಎರಡೇ ಮಾತು. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಒಂದು ಗಂಟೆಯ ಚಿತ್ರಣಕ್ಕೆ 45 ಗಿಗಾಬೈಟ್ ಬೇಕು, ಡ್ರೈವುಗಳನ್ನು ಆ ಅಂದಾಜಿನಲ್ಲಿ ತನ್ನಿ. ಎರಡು ಬೇರೆ ಡ್ರೈವಿಗೆ ನಕಲು ಹೋಗಿ, ಎರಡೂ ತೆರೆದು ಓಡುವುದನ್ನು ನೋಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡುವ ಹಕ್ಕು ಯಾರಿಗೂ ಇಲ್ಲ.

ಈಗ ಸ್ಟುಡಿಯೋಗೆ ಬರೋಣ. ಅಮೆರಿಕದ ಆಂಪೆಕ್ಸ್ ಕಂಪನಿ 1956ರಲ್ಲಿ ವಿಡಿಯೋಟೇಪ್ ಯಂತ್ರ ತರುವವರೆಗೆ ಟೀವಿ ನಾಟಕಗಳು ಹೆಚ್ಚಾಗಿ ನೇರಪ್ರಸಾರವೇ. ಸ್ಟುಡಿಯೋದ ಇಡೀ ಶಿಸ್ತು, ಯಾರು ಯಾರಿಗೆ ಏನು ಹೇಳಬೇಕೆಂಬ ಕಟ್ಟುನಿಟ್ಟು, ಆ ಕಾಲದಲ್ಲಿ ಬೇರುಬಿಟ್ಟದ್ದು. ಇವತ್ತು ರೆಕಾರ್ಡ್ ಮಾಡಿ ತಿದ್ದಬಹುದಾದರೂ ಆ ಶಿಸ್ತು ಉಳಿದಿರುವುದಕ್ಕೆ ಕಾರಣ, ಹತ್ತು ಹದಿನೈದು ಜನ ಒಂದೇ ಕ್ಷಣದಲ್ಲಿ ಒಂದೇ ಕೆಲಸ ಮಾಡಲು ಬೇರೆ ದಾರಿ ಸಿಕ್ಕಿಲ್ಲ.

ಇಲ್ಲಿನ ಮೂಲ ದಾಖಲೆ ಕ್ಯಾಮೆರಾ ಸ್ಕ್ರಿಪ್ಟ್. ಪುಟದ ಬಲಕ್ಕೆ ಸಂಭಾಷಣೆ, ಎಡಕ್ಕೆ ಶಾಟ್ ನಂಬರು, ಕ್ಯಾಮೆರಾ ನಂಬರು, ಶಾಟಿನ ಅಳತೆ. ಕಟ್ ಎಲ್ಲಿ ಬೀಳಬೇಕೋ ಆ ಪದದ ಮುಂದೆ ಓರೆಗೆರೆ ಹಾಕಿ, ಅಲ್ಲಿಂದ ಎಡಕ್ಕೆ ಗೆರೆ ಎಳೆಯಬೇಕು. ಇದರಿಂದ ಪ್ರತಿ ಕ್ಯಾಮೆರಾಗೂ ಅದರ ಶಾಟ್‌ಗಳನ್ನಷ್ಟೇ ಬರೆದ ಚೀಟಿ ತಯಾರಾಗಿ ಕ್ಯಾಮೆರಾಕ್ಕೆ ಅಂಟುತ್ತದೆ. ಹನ್ನೆರಡು ನಿಮಿಷದ ದೃಶ್ಯಕ್ಕೆ ನೂರು ಶಾಟ್ ಇದ್ದರೆ ಸರಾಸರಿ 7.2 ಸೆಕೆಂಡಿಗೊಂದು ಕಟ್. ಅಷ್ಟರಲ್ಲಿ ಬಿಟ್ಟ ಕ್ಯಾಮೆರಾ ಮುಂದಿನ ಜಾಗಕ್ಕೆ ಹೋಗಿ, ಫ್ರೇಮ್ ಕಟ್ಟಿ, ಫೋಕಸ್ ಮಾಡಿ ನಿಂತಿರಬೇಕು.

ಒಂದು ಉದಾಹರಣೆ. ತಾಯಿ, ಮಗ ಮಾತಾಡುತ್ತಿದ್ದಾರೆ. ಶಾಟ್ 41 ಎರಡನೇ ಕ್ಯಾಮೆರಾದಲ್ಲಿ ಇಬ್ಬರದೂ, 42 ಮೂರನೆಯದರಲ್ಲಿ ತಾಯಿಯ ಕ್ಲೋಸಪ್, 43 ಒಂದನೆಯದರಲ್ಲಿ ಮಗನದು. 46ರಲ್ಲಿ ಬಾಗಿಲಿಂದ ಮೂರನೆಯವರು ಬರುತ್ತಾರೆ, ಅದು ಒಂದನೇ ಕ್ಯಾಮೆರಾದ ಪಾಲು. ಹಾಗಿದ್ದರೆ 44, 45 ಎರಡನ್ನೂ ಎರಡು, ಮೂರನೇ ಕ್ಯಾಮೆರಾಗಳೇ ಹೊತ್ತುಕೊಳ್ಳಬೇಕು. ಆ ಹದಿನೈದು ಸೆಕೆಂಡಿನಲ್ಲಿ ಒಂದನೆಯದು ಬಾಗಿಲ ಕಡೆ ಉರುಳಿ ನಿಲ್ಲುತ್ತದೆ. ಕಾಗದದಲ್ಲಿ ಈ ಲೆಕ್ಕ ಬಿಟ್ಟುಹೋದರೆ, ಮಗನ ಮುಖದಿಂದ ಬಾಗಿಲಿಗೆ ಕ್ಯಾಮೆರಾ ಹೊರಳುವುದು ತೆರೆಯ ಮೇಲೇ ಕಾಣುತ್ತದೆ.

ಕ್ಯಾಮೆರಾಗಳಿಗೆ ಎಡದಿಂದ ಬಲಕ್ಕೆ ನಂಬರು. ಎಡಗಡೆಯ ಕ್ಯಾಮೆರಾ ಬಲಗಡೆಯ ನಟರನ್ನು, ಬಲಗಡೆಯದು ಎಡಗಡೆಯವರನ್ನು ತೆಗೆಯಬೇಕು. ಆಗಲೇ ಮುಖ ತುಂಬ ಸಿಗುವುದು. ನೇರ ಎದುರಿನವರನ್ನೇ ತೆಗೆಯಹೊರಟರೆ ಬರೀ ಕಿವಿ, ಕೆನ್ನೆ. ಕ್ಯಾಮೆರಾಗಳ ಕೇಬಲ್ಲು ಒಂದರ ಮೇಲೊಂದು ಹಾಯದಂತೆ ಜಾಗ ಹಂಚಿ. ಎರಡನೆಯದನ್ನು ಒಂದನೆಯದರ ಹಿಂದಿಂದ ಸುತ್ತಿ ಕಳಿಸಿದರೆ ಮುಂದಿನ ದೃಶ್ಯದಲ್ಲಿ ಎರಡೂ ಕಟ್ಟಿಹಾಕಿದಂತೆ ನಿಂತುಬಿಡುತ್ತವೆ.

ಕಂಟ್ರೋಲ್ ರೂಮಿನ ಭಾಷೆ ಕಲಿಯಲೇಬೇಕು. ಕಿರುಚಿತ್ರದ ಸೆಟ್ಟಿನಲ್ಲಿ ‘ಕಟ್’ ಎಂದರೆ ನಿಲ್ಲಿಸಿ. ಇಲ್ಲಿ ‘ಕಟ್’ ಎಂದರೆ ಮುಂದಿನ ಕ್ಯಾಮೆರಾಗೆ ಹೋಗಿ. ನಿಲ್ಲಿಸಲು ‘ಸ್ಟಾಪ್’ ಎಂದೇ ಹೇಳಬೇಕು. ಈ ಎರಡು ಪದ ಬೆರೆತಾಗ ಸ್ವಿಚರ್ (ಕ್ಯಾಮೆರಾ ಬದಲಿಸುವ ಗುಂಡಿಗಳ ಫಲಕ) ಮುಂದೆ ಕೂತವರು ಗುಂಡಿ ಒತ್ತುತ್ತಾರೆ, ಫ್ಲೋರಿನಲ್ಲಿ ಅರ್ಧ ಜನ ನಿಲ್ಲುತ್ತಾರೆ, ಅರ್ಧ ಜನ ಆಡುತ್ತಲೇ ಇರುತ್ತಾರೆ. ‘ಕಟ್ ಟು ಟೂ’ ಕೂಡ ಬೇಡ, ಕಿವಿಯಲ್ಲಿ ಅದು ಕಲಸಿಹೋಗುತ್ತದೆ. ಮೊದಲು ನಂಬರು, ಕೊನೆಗೆ ಕ್ರಿಯೆ: ‘ಟೂ ರೆಡಿ... ಕಟ್’. ಬೆರಳು ಕಾಯುವುದು ಕೊನೆಯ ಪದಕ್ಕೆ. ಕಣ್ಣಿಗೆ ಕಂಡದ್ದನ್ನು ಬಾಯಿ ಹೇಳಿ, ಕಿವಿ ಕೇಳಿ, ಬೆರಳು ಒತ್ತುವಷ್ಟರಲ್ಲಿ ಅರ್ಧ ಸೆಕೆಂಡು ಹೋಗುತ್ತದೆ. ಆದ್ದರಿಂದ ಪ್ರತಿಕ್ರಿಯೆ ಕಂಡ ಮೇಲೆ ‘ಕಟ್’ ಎಂದರೆ ಆಗಲೇ ತಡ. ಸ್ಕ್ರಿಪ್ಟ್ ನೋಡುತ್ತ, ಆ ಪದ ಬರುವ ಮೊದಲೇ ಬಾಯಿ ತೆರೆದಿರಬೇಕು. ಹೊಸ ನಿರ್ದೇಶಕರು ಪ್ರೋಗ್ರಾಮ್ ಮಾನಿಟರಿಗೆ ಕಣ್ಣು ನೆಟ್ಟು ಕೂರುತ್ತಾರೆ. ಅಲ್ಲಿರುವುದು ಆಗಿಹೋದ ಶಾಟು. ನೋಡಬೇಕಾದ್ದು ಮುಂದಿನ ಶಾಟ್ ತೋರುವ ಪ್ರಿವ್ಯೂ, ಅದರಾಚೆಯ ಕ್ಯಾಮೆರಾ ಮಾನಿಟರುಗಳು.

ಟಾಕ್‌ಬ್ಯಾಕಿನಲ್ಲಿ (ಕಂಟ್ರೋಲ್ ರೂಮಿನಿಂದ ತಂಡದ ಹೆಡ್‌ಫೋನುಗಳಿಗೆ ಹೋಗುವ ಮಾತಿನ ಲೈನಿನಲ್ಲಿ) ಆಡಿದ್ದು ತಂಡದ ಎಲ್ಲರ ಕಿವಿಗೂ ಬೀಳುತ್ತದೆ. ಬೈಗುಳ, ಹರಟೆ ಎರಡೂ ಸಲ್ಲ. ನಟರಿಗೆ ಹೇಳಬೇಕಾದ್ದು ಫ್ಲೋರ್ ಮ್ಯಾನೇಜರ್ ಮೂಲಕ ಮಾತ್ರ ಹೋಗಬೇಕು. ಅವರು ಅದನ್ನು ಹಿತವಾದ ಮಾತಿಗೆ ತಿರುಗಿಸಿ ಹೇಳುತ್ತಾರೆ, ಅದೂ ಅವರ ಕೆಲಸವೇ. ಎಣಿಕೆಯಲ್ಲಿ ಐದು, ನಾಲ್ಕು, ಮೂರು ಜೋರಾಗಿ, ಎರಡು ಮತ್ತು ಒಂದು ಬರೀ ಬೆರಳಲ್ಲಿ. ಆ ಹೊತ್ತಿಗೆ ಮೈಕುಗಳು ತೆರೆದಿರುತ್ತವೆ.

ಜನ ಬರುವ ಮೊದಲೇ ಕ್ಯಾಮೆರಾಗಳನ್ನು ಹೊಂದಿಸಬೇಕು. ಫ್ರೇಮುಗಳು ಒಟ್ಟಿಗೇ ಶುರುವಾಗುವಂತೆ ಎಲ್ಲವೂ ಒಂದೇ ಸಿಂಕ್‌ಗೆ ಕಟ್ಟಿರದಿದ್ದರೆ ಕಟ್ ಮಾಡಿದಾಗ ಚಿತ್ರ ಜಿಗಿಯುತ್ತದೆ. ಒಂದೇ ಬೂದು ಚಾರ್ಟನ್ನು ಒಂದೇ ಲೈಟಿನಡಿ ಇಟ್ಟು ಎಲ್ಲ ಕ್ಯಾಮೆರಾಗಳೂ ಅದನ್ನೇ ನೋಡಲಿ. ವೇವ್‌ಫಾರ್ಮ್ (ಚಿತ್ರದ ಬೆಳಕಿನ ಮಟ್ಟವನ್ನು ಗ್ರಾಫಿನಲ್ಲಿ ತೋರುವ ಮಾನಿಟರ್) ಮೇಲೆ ಕಪ್ಪು, ಬಿಳಿ, ನಡುವಿನ ಮೆಟ್ಟಿಲುಗಳು ಒಂದೇ ಎತ್ತರಕ್ಕೆ ಬರುವವರೆಗೆ ತಿದ್ದಬೇಕು. ಕಣ್ಣಂದಾಜಿಗೆ ಬಿಟ್ಟರೆ ತಾಯಿಯ ಮುಖ ಒಂದರಲ್ಲಿ ಕೆಂಪಗೆ, ಇನ್ನೊಂದರಲ್ಲಿ ಹಸಿರುಹಸಿರು. ಬ್ಯಾಕ್ ಫೋಕಸನ್ನೂ, ಅಂದರೆ ಲೆನ್ಸಿನ ಹಿಂಬದಿಗೂ ಸೆನ್ಸರಿಗೂ ನಡುವಿನ ಹೊಂದಾಣಿಕೆಯನ್ನೂ, ಮರೆಯಬಾರದು. ಐರಿಸ್ (ಲೆನ್ಸಿನಲ್ಲಿ ಬೆಳಕು ಒಳಬಿಡುವ ಕಿಂಡಿ) ಪೂರ್ತಿ ತೆರೆದು, ಪೂರ್ತಿ ಜೂಮ್ ಮಾಡಿ ಫೋಕಸ್ ಹಿಡಿದು, ಹಿಂದಕ್ಕೆ ಬಂದಾಗ ಚಿತ್ರ ಮಸುಕಾದರೆ ಬ್ಯಾಕ್ ಫೋಕಸ್ ತಿದ್ದಿ, ಮತ್ತೆ ಜೂಮ್, ಮತ್ತೆ ವೈಡ್, ಎರಡೂ ಚೂಪಾಗುವವರೆಗೆ. ಇದು ತಪ್ಪಿದ್ದರೆ ಕ್ಯಾಮೆರಾ ಹಿಡಿದವರು ಎಷ್ಟೇ ಪಳಗಿದವರಾಗಿರಲಿ, ವೈಡ್ ಶಾಟ್‌ಗಳೆಲ್ಲ ಮಸುಕೇ.

ಬೆಳಕಿನದು ನಿಜವಾದ ಕಷ್ಟ. ಕಿರುಚಿತ್ರದಲ್ಲಿ ಒಂದು ಕೋನಕ್ಕೆ ಬೆಳಕು ಮಾಡಿದರೆ ಸಾಕು, ಇಲ್ಲಿ ಏಕಕಾಲಕ್ಕೆ ಮೂರು ಕೋನಕ್ಕೆ. 1951ರಲ್ಲಿ ಅಮೆರಿಕದ ಟೀವಿ ಹಾಸ್ಯ ಸರಣಿಯೊಂದನ್ನು ಪ್ರೇಕ್ಷಕರ ಎದುರು ಮೂರು 35 ಎಂಎಂ ಫಿಲ್ಮ್ ಕ್ಯಾಮೆರಾಗಳಲ್ಲಿ ಒಟ್ಟಿಗೆ ತೆಗೆಯಲು ಹೊರಟಾಗ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಎದುರಿಸಿದ್ದು ಇದನ್ನೇ. ಲೈಟುಗಳನ್ನು ನೆಲದಿಂದ ಎತ್ತಿ ಮೇಲೆ ಕಟ್ಟಿ, ಸೆಟ್ಟಿಗೆಲ್ಲ ಹೆಚ್ಚುಕಡಿಮೆ ಸಮನಾದ ಬೆಳಕು ಕೊಟ್ಟು ಅವರು ದಾರಿ ಮಾಡಿಕೊಂಡರು. ಸಮ ಬೆಳಕಿನಲ್ಲಿ ಮುಖಗಳು ಚಪ್ಪಟೆಯಾಗುತ್ತವೆ ಎಂಬುದು ಅದಕ್ಕೆ ತೆರುವ ಬೆಲೆ. ನಾಟಕಕ್ಕೆ ಇದಕ್ಕಿಂತ ಒಳ್ಳೆಯದು ಅಡ್ಡ ಬೆಳಕು: ಎದುರುಬದುರು ಕೂತ ಇಬ್ಬರಲ್ಲಿ ಒಬ್ಬರ ಹಿಂದಿನಿಂದ ಮೇಲೆ ಕಟ್ಟಿದ ಲೈಟು ಅವರಿಗೆ ಬ್ಯಾಕ್‌ಲೈಟ್, ಎದುರಿನವರಿಗೆ ಕೀ, ಅಂದರೆ ಮುಖದ ಮುಖ್ಯ ಬೆಳಕು. ಎರಡೇ ಲೈಟಿನಲ್ಲಿ ನಾಲ್ಕರ ಕೆಲಸ ಆಗುತ್ತದೆ, ಮುಖಕ್ಕೆ ಉಬ್ಬುತಗ್ಗೂ ಉಳಿಯುತ್ತದೆ.

ಬೂಮಿನ ನೆರಳು ಇಲ್ಲಿನ ನಿತ್ಯದ ಜಗಳ. ಬೂಮ್ ಕೀ ಲೈಟಿನ ಕಡೆಯಿಂದ ಬಂದರೆ ನೆರಳು ಮುಖದ ಮೇಲೋ ಹಿಂದಿನ ಗೋಡೆಯ ಮೇಲೋ ಬೀಳುತ್ತದೆ. ಅದನ್ನು ಎದುರು ಬದಿಯಿಂದ ತಂದು, ನಟರನ್ನು ಗೋಡೆಯಿಂದ ಎರಡು ಮೀಟರಾದರೂ ಮುಂದೆ ತಂದು, ಗೋಡೆಗೆ ಬೇರೆಯದೇ ಲೈಟು ಕೊಟ್ಟರೆ ನೆರಳು ಫ್ರೇಮಿನ ಕೆಳಗೆ ನೆಲಕ್ಕೆ ಬೀಳುತ್ತದೆ. ಸೆಟ್ ನಕ್ಷೆ ಬರೆಯುವಾಗಲೇ ಆಗಬೇಕಾದ ನಿರ್ಧಾರ ಇದು. ಸೋಫಾವನ್ನು ಗೋಡೆಗೆ ಒತ್ತಿ ಬರೆದಿದ್ದರೆ ರೆಕಾರ್ಡಿಂಗ್ ದಿನ ಯಾರ ಕೈಯಲ್ಲೂ ಏನೂ ಆಗುವುದಿಲ್ಲ.

ಚಿತ್ರವೂ ಶಬ್ದವೂ ಬೇರೆ ಬೇರೆ ದಾರಿಯಲ್ಲಿ ಬರುವುದರಿಂದ ಅವೆರಡರ ನಡುವೆ ಅಂತರ ಹುಟ್ಟುತ್ತದೆ. ಚಿತ್ರ ಹಾದುಬರುವ ಕೆಲವು ಯಂತ್ರಗಳು ಒಂದೊಂದು ಫ್ರೇಮ್ ಹಿಡಿದಿಟ್ಟುಕೊಳ್ಳುತ್ತವೆ. 25 ಫ್ರೇಮಿನಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡು. ಶಬ್ದ ಮುಂದೆ ಬಂದರೆ ಬೇಗ ಕಿರಿಕಿರಿಯಾಗುತ್ತದೆ, ಹಿಂದೆ ಬಿದ್ದರೆ ಅಷ್ಟಾಗಿ ತಿಳಿಯುವುದಿಲ್ಲ. ನಿಸರ್ಗದಲ್ಲಿ ಶಬ್ದ ಬೆಳಕಿಗಿಂತ ಮುಂದೆ ಬರುವುದೇ ಇಲ್ಲವಲ್ಲ. ಕ್ಯಾಮೆರಾ ಎದುರು ಕ್ಲ್ಯಾಪ್ ಹೊಡೆದು, ರೆಕಾರ್ಡ್ ಆದದ್ದನ್ನು ಫ್ರೇಮ್ ಫ್ರೇಮ್ ಸರಿಸಿ ನೋಡಿ, ಬೇಕಾದಷ್ಟು ವಿಳಂಬವನ್ನು ಶಬ್ದಕ್ಕೆ ಕೊಡಬೇಕು.

ಸ್ಟುಡಿಯೋ ಸಿಗುವುದು ನಾಲ್ಕು ಗಂಟೆ ಎಂದುಕೊಳ್ಳಿ. ಹತ್ತು ನಿಮಿಷದ ನಾಟಕಕ್ಕೆ ಹಂಚಿಕೆ ಹೀಗಿರಲಿ: ಲೈಟು, ಕ್ಯಾಮೆರಾ ಹೊಂದಿಸಲು 60 ನಿಮಿಷ. ಒಂದೊಂದು ಶಾಟೂ ನಿಲ್ಲಿಸಿ ನಿಲ್ಲಿಸಿ ಕಟ್ಟಲು 75. ನಿಲ್ಲದೆ ಒಂದು ಓಟಕ್ಕೆ, ಆಮೇಲೆ ಟಿಪ್ಪಣಿಗೆ 30. ವಿರಾಮ 15. ರೆಕಾರ್ಡಿಂಗ್ 40. ಉಳಿದ 20 ನಿಮಿಷ ಬಿಚ್ಚಿ ಒಪ್ಪಿಸಲು. ನಟರ ತಾಲೀಮು ಇದರಲ್ಲಿ ಎಲ್ಲೂ ಇಲ್ಲ. ಅದು ಹೊರಗೆ, ನೆಲದ ಮೇಲೆ ಟೇಪಿನಲ್ಲಿ ಸೆಟ್ಟಿನ ನಿಜ ಅಳತೆ ಬರೆದುಕೊಂಡು ಮೊದಲೇ ಮುಗಿದಿರಬೇಕು. ಫ್ಲೋರಿಗೆ ಬಂದು ‘ಈ ಸಾಲನ್ನು ಹೇಗೆ ಹೇಳಲಿ’ ಎಂದು ಚರ್ಚೆಗೆ ಕೂತರೆ ಹತ್ತು ಜನ ಹೆಡ್‌ಫೋನ್ ಹಾಕಿಕೊಂಡು ಕಾಯುತ್ತಾರೆ. ನಟರ ನಿಲ್ಲುವ ಜಾಗಕ್ಕೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಟೇಪಿನಲ್ಲಿ ಗುರುತು ಹಾಕಿ, ಕುರ್ಚಿಯ ಕಾಲಿಗೂ ಹಾಕಿ. ಮೂವತ್ತು ಸೆಂಟಿಮೀಟರ್ ಸರಿದು ನಿಂತರೆ ಸಜೆಶನ್ ಶಾಟಿನಲ್ಲಿ ಮುಂದಿನ ಭುಜ ಹಿಂದಿನ ಮುಖವನ್ನು ನುಂಗುತ್ತದೆ.

ನಾಟಕದ ಬದಲು ಮಾತುಕತೆಯ ಕಾರ್ಯಕ್ರಮವಾದರೆ ಸಮಯವನ್ನು ಕೊನೆಯಿಂದ ಹಿಂದಕ್ಕೆ ಎಣಿಸಬೇಕು. ಮುಗಿಯಬೇಕಾದ್ದು 28:30ಕ್ಕೆ. ಮುಕ್ತಾಯದ ಟೈಟಲ್ 30 ಸೆಕೆಂಡು, ಅಂದರೆ 28:00ಕ್ಕೆ ಶುರು. ನಿರೂಪಕರ ಕೊನೆಯ ಮಾತು 40 ಸೆಕೆಂಡು, ಅದು 27:20ಕ್ಕೆ. ಹಾಗಾದರೆ ಅತಿಥಿಗಳ ಮಾತನ್ನು ಯಾವ ಹೊತ್ತಿಗೆ ನಿಲ್ಲಿಸಬೇಕೆಂದು ಪಕ್ಕದಲ್ಲಿ ಕೂತ ಸಹಾಯಕರಿಗೆ ಗೊತ್ತಿರುತ್ತದೆ, ‘ಎರಡು ನಿಮಿಷ, ಒಂದು ನಿಮಿಷ’ ಎಂದು ಅವರು ಫ್ಲೋರಿಗೆ ಎಣಿಸುತ್ತ ಹೋಗುತ್ತಾರೆ. ಮೊದಲಿನಿಂದ ಎಣಿಸುತ್ತ ಬಂದರೆ ಎಷ್ಟು ಕಳೆಯಿತೆಂದು ತಿಳಿಯುತ್ತದೆಯೇ ಹೊರತು ಎಷ್ಟು ಉಳಿದಿದೆಯೆಂದು ತಿಳಿಯುವುದಿಲ್ಲ.

ಪ್ರತಿ ಕ್ಯಾಮೆರಾದ ಚಿತ್ರವನ್ನೂ ಬೇರೆಬೇರೆಯಾಗಿ ರೆಕಾರ್ಡ್ ಮಾಡುವ ಅನುಕೂಲ ಈಗ ಹಲವು ಕಡೆ ಇದೆ. ಮಾಡಿ, ಆದರೆ ಅದು ಇಲ್ಲವೆಂದುಕೊಂಡೇ ಸ್ಕ್ರಿಪ್ಟ್ ಕಟ್ಟಿ. ‘ಹೇಗೂ ಆಮೇಲೆ ಜೋಡಿಸಬಹುದು’ ಎಂದು ಹೊರಟ ಕಡೆ ಕ್ಯಾಮೆರಾಗಳು ಎಲ್ಲೆಲ್ಲೋ ಅಲೆಯುತ್ತಿರುತ್ತವೆ, ಬೇಕಾದ ಕ್ಷಣದಲ್ಲಿ ಮೂರರಲ್ಲೂ ಉಪಯೋಗಕ್ಕೆ ಬರುವ ಚಿತ್ರ ಇರುವುದಿಲ್ಲ. ಒಂಟಿ ಕ್ಯಾಮೆರಾದ ಅಭ್ಯಾಸವನ್ನು ಫ್ಲೋರಿಗೆ ಹೊತ್ತು ತಂದರೆ ಆಗುವುದು ಇದು.

ತಪ್ಪು ಬಿದ್ದ ಜಾಗಗಳ ರೀಟೇಕ್ ರೆಕಾರ್ಡಿಂಗಿನ ಕೊನೆಗೆ. ಓಟದ ನಡುವೆ ನಿಲ್ಲಿಸಬೇಡಿ, ನಟರ ಬಿಸಿ ಆರುತ್ತದೆ. ಸಹಾಯಕರು ಶಾಟ್ ನಂಬರು, ಸಮಯ ಗುರುತಿಸಿಕೊಳ್ಳಲಿ. ರೀಟೇಕನ್ನು ತಪ್ಪಾದ ಶಾಟಿನಿಂದಲೇ ಶುರು ಮಾಡದೆ ಎರಡು ಶಾಟ್ ಹಿಂದಿನಿಂದ ಹಿಡಿದು, ಎರಡು ಶಾಟ್ ಮುಂದಿನವರೆಗೆ ಓಡಿಸಿ. ಮಾತಿನ ಏರುದನಿ ಹೊಂದಲು, ಕತ್ತರಿಸಲು ಜಾಗ ಸಿಗಲು ಅಷ್ಟು ಬೇಕು. ಅದಾದ ಮೇಲೆ ನಟರು ಬಣ್ಣ ತೆಗೆಯುವ ಮೊದಲು, ರೆಕಾರ್ಡಿನ ಆರಂಭ, ನಡು, ಕೊನೆ ಮೂರನ್ನೂ ಹೆಡ್‌ಫೋನಿನಲ್ಲಿ ಶಬ್ದದ ಸಹಿತ ಓಡಿಸಿ ನೋಡಬೇಕು. ಚಿತ್ರವೂ ಮಾತೂ ಇದೆಯೆಂದು ಖಚಿತವಾದ ಮೇಲೆ ಫ್ಲೋರ್ ಮ್ಯಾನೇಜರಿಗೆ ‘ಕ್ಲಿಯರ್’ ಹೇಳಿ. ಅಲ್ಲಿಯವರೆಗೆ ಒಂದು ಲೈಟೂ ಆರಬಾರದು, ಒಂದು ಕುರ್ಚಿಯೂ ಅಲುಗಬಾರದು.